ಪಡುತೋಟದ ತಿರುವಿನ ಬಾಣ

ಕಟಪಾಡಿ ಪೇಟೆಯಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದೆ, ಮೆಡಿಕಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ವೆರೊನಿಕಾ ಮಥಾಯಸ್ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಶುರು ಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಶಂಕರಪುರ, ಕಾಪು, ಉದ್ಯಾವರದ ಕಡೆಯ ಎಷ್ಟೋ ಹೆಂಗಸರು ಮೊದಲ ಸಲ ಸ್ಟಿಯರಿಂಗ್ ಹಿಡಿದದ್ದು ಅವಳ ಬಿಳಿ ಕಾರಿನಲ್ಲೇ. ಎಡಗಡೆಯ ಸೀಟಿನಲ್ಲಿ ಅವಳು ಕೂರುವುದು. ಅಲ್ಲಿ ಅವಳ ಕಾಲಿಗೆ ಸಿಗುವ ಹಾಗೆ ಬೇರೆಯೇ ಒಂದು ಬ್ರೇಕು, ಒಂದು ಕ್ಲಚ್ಚು. ಅದನ್ನು ಜೋಡಿಸಿಕೊಟ್ಟವನು ಗಂಡ ಕ್ಲಾಯ್ಡ್. ಅವನದು ಶಂಕರಪುರದ ಮನೆಯ ಪಕ್ಕದಲ್ಲೇ ಗ್ಯಾರೇಜು. ಇಷ್ಟು ವರ್ಷಗಳಲ್ಲಿ ತನ್ನ ಕಾರು ಎರಡು ಕೋಳಿ ಮತ್ತು ಒಂದು ಹಾಲಿನ ಕ್ಯಾನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಿಲ್ಲ ಎಂದು ಸೇರಲು ಬಂದವರಿಗೆಲ್ಲ ಅವಳು ಹೇಳುವುದಿತ್ತು.

ಆ ಅಕ್ಟೋಬರಿನಲ್ಲಿ ಕಲಿಯಲು ಬಂದವರಲ್ಲಿ ನಳಿನಾಕ್ಷಿ ಒಬ್ಬಳು. ಕಾಪುವಿನಿಂದ ಸ್ವಲ್ಪ ತೆಂಕಕ್ಕೆ, ಕಡಲ ಬದಿಯ ಪಡುತೋಟದವಳು. ನಲವತ್ತಾರು ವರ್ಷ. ಮಲ್ಪೆಯ ಬಂದರಿನಿಂದ ಮೀನು ತಂದು ಮನೆಮನೆಗೆ ಮಾರುವುದು ಅವಳ ಕೆಲಸ.

“ಟೆಂಪೋದವನು ಬಾರದ ದಿನ ನಾನು ಬುಟ್ಟಿ ಹಿಡಿದು ಬಂದರಿನಲ್ಲೇ ಕೂತಿರುವುದು ಬಾಯೀ,” ಎಂದು ಮೊದಲ ದಿನವೇ ಹೇಳಿದ್ದಳು. ಊರಿನವರು ವೆರೊನಿಕಾಳನ್ನು ಕರೆಯುವುದು ಹಾಗೆಯೇ, ವೆರೊನಿಕಾ ಬಾಯಿ ಎಂದು. “ನನ್ನ ಗಾಡಿ ನಾನೇ ಬಿಟ್ಟರೆ ಯಾರ ದಾರಿಯನ್ನೂ ಕಾಯುವುದು ಬೇಡ.”

ಕೈ ಗಟ್ಟಿ, ಕಣ್ಣು ಚುರುಕು. ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ಹದಿನೈದೇ ದಿನದಲ್ಲಿ ಅವಳು ಏರಿನಲ್ಲಿ ನಿಲ್ಲಿಸಿದ ಕಾರನ್ನೂ ಹಿಂದೆ ಜಾರದಂತೆ ಮುಂದೆ ತೆಗೆಯುವಷ್ಟಾಗಿದ್ದಳು.

ಹೊಸಬರನ್ನು ಹೈವೇಗೆ ಹತ್ತಿಸುವ ಧೈರ್ಯ ಯಾರಿಗೂ ಇಲ್ಲ. ವೆರೊನಿಕಾ ಮೊದಲಿನಿಂದಲೂ ಕಲಿಸುವುದು ಪಡುತೋಟದ ಕಡಲ ಬದಿಯ ರಸ್ತೆಯಲ್ಲಿ. ಮೊದಲು ಅದು ಕಿರಿದಾದ ಡಾಮರು ರಸ್ತೆ. ಒಂದು ಬದಿ ಮರಳು, ಎಳೆದಿಟ್ಟ ದೋಣಿಗಳು. ಇನ್ನೊಂದು ಬದಿ ಗಾಳಿಮರ. ಡಾಮರು ಮುಗಿದಲ್ಲಿ ರಸ್ತೆ ಮುಗಿಯಿತು, ಅಷ್ಟೇ. ಒಂದೂವರೆ ವರ್ಷ ಅದನ್ನು ಮುಚ್ಚಿ, ಅಗೆದು, ಹೊಸದಾಗಿ ಮಾಡಿ ಸೆಪ್ಟೆಂಬರಿನಲ್ಲಿ ತೆರೆದಿದ್ದರು. ಈಗ ಅಲ್ಲಿ ಡಾಮರು ಇಲ್ಲ. ಗಾಳಿಮರದ ಬುಡದಿಂದ ಕಡಲಿನ ತಡೆಗೋಡೆಯ ವರೆಗೆ ಒಂದೇ ಮಟ್ಟದಲ್ಲಿ ಇಂಟರ್‌ಲಾಕ್ ಹಾಸಿದ್ದರು. ಗಾಡಿಗಳಿಗೆ ತಿಳಿ ಬೂದು, ನಡೆಯುವವರಿಗೆ ಸ್ವಲ್ಪ ದಟ್ಟ ಬೂದು. ನಡುವೆ ಕಟ್ಟೆಯಿಲ್ಲ, ಕಲ್ಲಿಲ್ಲ, ಗೆರೆಯಿಲ್ಲ. ಚಂದ ಮಾತ್ರ ತುಂಬ ಇತ್ತು. ಸಂಜೆ ಉಡುಪಿಯಿಂದೆಲ್ಲ ಜನ ಫೋಟೋ ತೆಗೆಸಿಕೊಳ್ಳಲು ಬರುತ್ತಿದ್ದರು.

ರಸ್ತೆಯ ಮಧ್ಯಭಾಗದಲ್ಲಿ ಹಳೆಯ ಐಸ್ ಪ್ಲಾಂಟ್. ಅದರ ಆಚೆಗಿನ ಭಾಗವನ್ನು ಮೂರು ವಾರ ತಡವಾಗಿ ತೆರೆದಿದ್ದರು. ಆ ಮೂರು ವಾರ ವೆರೊನಿಕಾ ಐಸ್ ಪ್ಲಾಂಟಿನ ಎದುರೇ ಕಾರು ತಿರುಗಿಸಿಕೊಂಡು ಬರುತ್ತಿದ್ದಳು. ಅದು ತೆರೆದ ಮೇಲೂ ಎರಡು ವಾರ ಆ ಅಭ್ಯಾಸ ತಪ್ಪಿರಲಿಲ್ಲ. ನವೆಂಬರ್ ಮೊದಲ ವಾರದ ಒಂದು ಸಂಜೆ, ನಳಿನಾಕ್ಷಿಯ ಕೈ ಕೂತದ್ದನ್ನು ನೋಡಿ ಅವಳಿಗೆ ಉಮೇದು ಬಂತು. “ಇವತ್ತು ತಿರುಗಿಸುವುದು ಬೇಡ. ಮುಂದೆ ಹೋಗುವ,” ಎಂದಳು.

ಮಧ್ಯಾಹ್ನ ಕಾಲವಲ್ಲದ ಕಾಲದಲ್ಲಿ ಒಂದು ಮಳೆ ಬಂದು ಹೋಗಿತ್ತು. ಐದು ಗಂಟೆಯ ಬಿಸಿಲು ಕಡಲಿನ ಮೇಲಿಂದ ಅಡ್ಡವಾಗಿ ಬಿದ್ದು, ಒದ್ದೆ ಇಂಟರ್‌ಲಾಕ್ ತಗಡಿನ ಹಾಗೆ ಹೊಳೆಯುತ್ತಿತ್ತು. ತಿಳಿ ಬೂದು ಯಾವುದು, ದಟ್ಟ ಬೂದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

ಐಸ್ ಪ್ಲಾಂಟ್ ದಾಟುತ್ತಲೇ ನಳಿನಾಕ್ಷಿ ಕಾರು ನಿಧಾನ ಮಾಡಿದಳು. “ಬಾಯೀ, ಇಲ್ಲಿ ಎಲ್ಲಿ ಹೋಗುವುದು? ನೇರವಾ, ಎಡಕ್ಕಾ?”

ವೆರೊನಿಕಾ ಎದುರಿಗೆ ನೋಡಿದಳು. ನೆಲದ ಮೇಲೆ ದೊಡ್ಡ ಬಿಳಿ ಬಾಣ ಒಂದು ನೇರಕ್ಕೆ ತೋರಿಸುತ್ತಿತ್ತು. ಬಾಣದ ಆಚೆ ಅಗಲವಾದ ದಾರಿ. ಎಡಕ್ಕೆ ಬಾಗಿದ್ದು ಯಾವುದೋ ಪಾರ್ಕಿಂಗ್ ಜಾಗದ ಹಾಗೆ ಕಂಡಿತು.

“ಬಾಣ ಉಂಟಲ್ಲ, ನೋಡಿ ಹೋಗಿ. ನೇರ,” ಎಂದಳು.

ನಳಿನಾಕ್ಷಿ ನೇರ ಹೋದಳು. ಹದಿನೈದು ಇಪ್ಪತ್ತರ ವೇಗವಿರಬಹುದು, ಹೆಚ್ಚಿಲ್ಲ. ಬಿಸಿಲಿನ ಹೊಳಪಿನಲ್ಲಿ ಮೊದಲು ಒಂದು ಕೊಡೆ ಕಂಡಿತು, ಆಮೇಲೆ ಕೊಡೆ ಹಿಡಿದವರ ಬೆನ್ನು. ಇಬ್ಬರ ಕಾಲೂ ಬ್ರೇಕಿಗೆ ಹೋಯಿತು. ಒದ್ದೆ ನೆಲದ ಮೇಲೆ ಕಾರು ಜಾರಿಕೊಂಡು ಮುಂದೆ ಹೋಯಿತೇ ಹೊರತು ನಿಲ್ಲಲಿಲ್ಲ. ಕೊಡೆ ಹಾರಿ ತಡೆಗೋಡೆಯ ಕಡೆ ಬಿತ್ತು. ಮನುಷ್ಯ ಬಂಪರಿನ ಬುಡದಲ್ಲಿ ಕೂತ ಹಾಗೆ ಬಿದ್ದಿದ್ದರು. ಅವರ ಎಡಗಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆಗೆ ತಿರುಗಿತ್ತು.

ಜನ ಸೇರಿದರು. “ವಾಕಿಂಗ್ ಮಾಡುವಲ್ಲಿ ಕಾರು ತರುವುದಾ? ಕಣ್ಣು ಎಲ್ಲಿ ಇಟ್ಟಿದ್ದೀರಿ?” ಎಂದು ಒಬ್ಬ ಬಾನೆಟ್ಟಿಗೆ ಬಡಿದ. ಆಗಲೇ ವೆರೊನಿಕಾಳಿಗೆ ಗೊತ್ತಾದದ್ದು, ತಾವು ನಿಂತದ್ದು ರಸ್ತೆಯಲ್ಲ ಎಂದು. ನಳಿನಾಕ್ಷಿ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದವಳು ಬಿಡಲೇ ಇಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವಳನ್ನು ಇಳಿಸಬೇಕಾಯಿತು.

ಬಿದ್ದವರು ರಾಮದಾಸ ಮಾಸ್ಟ್ರು. ಕಾರ್ಕಳದ ಕಡೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ನಿವೃತ್ತರಾದ ಮೇಲೆ ಕಾಪುವಿಗೆ ಬಂದು ನೆಲೆಸಿದವರು. ಎಪ್ಪತ್ತೊಂದು ವರ್ಷ. ಆಂಬುಲೆನ್ಸ್ ಅವರನ್ನು ಮಣಿಪಾಲಕ್ಕೆ ಕೊಂಡುಹೋಯಿತು.

ಠಾಣೆಯಲ್ಲಿ ಎಸ್ಸೈ ಇಬ್ಬರನ್ನೂ ಎದುರು ಕೂರಿಸಿ ಕೇಳಿದರು. ವೆರೊನಿಕಾ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಳಿನಾಕ್ಷಿಯೇ ಬಾಯಿ ತೆರೆದಳು.

“ತಪ್ಪು ನನ್ನದು ಸರ್. ನಾನು ಸರಿ ನೋಡಲಿಲ್ಲ. ಬಾಯಿ ಬ್ರೇಕ್ ಹಾಕಿದರು, ಜಾರಿತು.”

“ನೀವು ಎಂತ ಹೇಳುತ್ತೀರಿ?” ಎಸ್ಸೈ ವೆರೊನಿಕಾಳ ಕಡೆ ತಿರುಗಿದರು.

ವೆರೊನಿಕಾ ನಳಿನಾಕ್ಷಿಯನ್ನು ನೋಡಿದಳು. ನಳಿನಾಕ್ಷಿ ನೆಲ ನೋಡುತ್ತಿದ್ದಳು. “ಬ್ರೇಕ್ ಹಾಕಿದೆ ಸರ್,” ಎಂದಳು ವೆರೊನಿಕಾ. ಅದು ಸುಳ್ಳಲ್ಲ. ಎಸ್ಸೈ ‘ಕಲಿಯುವವರ ಅಜಾಗರೂಕತೆ’ ಎಂದು ಬರೆದುಕೊಂಡರು. ಇಬ್ಬರೂ ಸಹಿ ಹಾಕಿದರು.

ಹೊರಗೆ ಬಂದ ಮೇಲೆ ನಳಿನಾಕ್ಷಿ ಒಬ್ಬಳೇ ರಿಕ್ಷಾ ಹತ್ತಿ ಹೋದಳು.

ಮರುದಿನದಿಂದ ವೆರೊನಿಕಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವಾಗ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು. ಇಗರ್ಜಿಯ ಬೆಂಚಿನಲ್ಲಿ ಪ್ರಾರ್ಥನೆಗೆ ಕೂತರೆ ಎದುರಿನ ಮೊಣಕಾಲು ಹಲಗೆಗೆ ಪಾದ ಹೋಗಿ ತಾಗುತ್ತಿತ್ತು. ಮಲ್ಲಿಗೆ ಕಟ್ಟಲು ಕೂತರೆ ಒಂದು ಚೆಂಡು ಮುಗಿಯುವುದರೊಳಗೆ ಮೂರು ಸಲ ಎದ್ದು ಅಂಗಳಕ್ಕೆ ಹೋಗಿ ಬರುವಳು. ನಳಿನಾಕ್ಷಿಗೆ ಫೋನು ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಪುನಃ ಮಾಡಿದಳು. ಎತ್ತಲಿಲ್ಲ.

ಎರಡನೆಯ ದಿನ ಕ್ಲಾಯ್ಡ್‌ಗೆ ಹೇಳಿಬಿಟ್ಟಳು. “ನೇರ ಹೋಗಲು ಹೇಳಿದ್ದು ನಾನು.”

ಕ್ಲಾಯ್ಡ್ ಕೈಯ ಗ್ರೀಸನ್ನು ಒರೆಸುತ್ತಿದ್ದವನು ನಿಲ್ಲಿಸಿದ. “ನೀನು ಹಾಗೆ ಹೇಳಿದ್ದು ಬೇರೆ ಯಾರ ಕಿವಿಗಾದರೂ ಬಿದ್ದಿದೆಯಾ?”

“ನಳಿನಾಕ್ಷಿಯ ಕಿವಿಗೆ ಬಿದ್ದಿದೆ.”

“ಅವಳು ಹೇಳಿಲ್ಲವಲ್ಲ. ಹಾಗಾದರೆ ನೀನು ಎಂತಕ್ಕೆ ಹೇಳುವುದು? ರಸ್ತೆ ಯಾವುದೆಂದು ಗೊತ್ತಿಲ್ಲದ ಟೀಚರ್ ಹತ್ತಿರ ನಾಳೆ ಯಾರು ಕಲಿಯಲಿಕ್ಕೆ ಬರುತ್ತಾರೆ? ಆ ಮಾಸ್ಟ್ರ ಕಾಲು ಹೇಗೂ ಸರಿಯಾಗುತ್ತದೆ. ನೀನು ಬಾಯಿ ಬಿಟ್ಟರೆ ಸ್ಕೂಲ್ ಮುಚ್ಚಬೇಕು, ಅಷ್ಟೇ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಆದರೂ ಕಾಲು ನಿಲ್ಲಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕಾಪುವಿಗೆ ಹೋಗಿ, ಅಲ್ಲಿಂದ ನಡೆದೇ ಪಡುತೋಟದ ತಿರುವಿಗೆ ಹೋದಳು. ಬಿಸಿಲು ಇನ್ನೂ ಏರಿರಲಿಲ್ಲ, ನೆಲ ಒಣಗಿತ್ತು. ಬಾಣ ಅಲ್ಲೇ ಇತ್ತು. ಬಗ್ಗಿ ನೋಡಿದಳು. ಬಾಣದ ಹಿಂದೆ ಇಂಟರ್‌ಲಾಕಿನ ಸಂದುಗಳಲ್ಲಿ ಮಾತ್ರ ಉಳಿದ ಬಿಳಿ ಬಣ್ಣ, ಎರಡು ಉರುಟು ಗೆರೆಗಳ ಹಾಗೆ. ಬೆರಳಲ್ಲಿ ಅದರ ಜಾಡು ಹಿಡಿದು ಹೋದಾಗ ಅದು ಸೈಕಲ್ಲಿನ ಚಿತ್ರವೆಂದು ತಿಳಿಯಿತು. ಚಿತ್ರಕ್ಕೆ ತೆಳು ಬಣ್ಣ ಬಳಿದಿದ್ದರು, ಬಾಣಕ್ಕೆ ದಪ್ಪ ಬಣ್ಣ. ಚಿತ್ರವನ್ನು ಮಳೆ ಮತ್ತು ಮರಳು ಅಳಿಸಿತ್ತು. ಸೈಕಲಿನವರಿಗೆ ಹಾಕಿದ ಬಾಣ ಈಗ ಎಲ್ಲರದೂ ಆಗಿತ್ತು. ಗಾಡಿಗಳು ಎಡಕ್ಕೆ ಹೋಗಬೇಕೆಂದು ತಿಳಿಸುವ ಬೋರ್ಡು ಇರಲಿಲ್ಲವೆಂದಲ್ಲ. ಉದ್ಘಾಟನೆಯ ದಿನ ಕಟ್ಟಿದ ಬ್ಯಾನರು ಅದರ ಮೇಲೆಯೇ ಜೋತಾಡುತ್ತಿತ್ತು.

ಅವಳು ಅಲ್ಲಿ ನಿಂತಿದ್ದ ಅರ್ಧ ಗಂಟೆಯಲ್ಲಿ ಎರಡು ಕಾರು, ಒಂದು ರಿಕ್ಷಾ, ಒಂದು ಗ್ಯಾಸಿನ ಗಾಡಿ ನೇರ ಹೋದವು. ಒಂದು ಕಾರು ಅರ್ಧ ಹೋಗಿ, ನಿಂತು, ರಿವರ್ಸ್ ಬರುವಾಗ ಹಿಂದೆ ಬಂದ ಸ್ಕೂಟರಿನವನು ಕೂಗಾಡಿದ. ಹಾಗಾದರೆ ತಪ್ಪಿದ್ದು ತಾನೊಬ್ಬಳೇ ಅಲ್ಲ! ಆ ಯೋಚನೆಯಿಂದ ಒಂದು ಗಳಿಗೆ ಹಗುರಾಯಿತು. ಮರುಗಳಿಗೆಯೇ ನಳಿನಾಕ್ಷಿ ನೆಲ ನೋಡುತ್ತ ಕೂತದ್ದು ಕಣ್ಣಿಗೆ ಬಂತು. ರಸ್ತೆಯ ತಪ್ಪು ರಸ್ತೆಗೆ. ಠಾಣೆಯಲ್ಲಿ ಸುಮ್ಮನಿದ್ದದ್ದು ಯಾರ ತಪ್ಪು?

ಮರುದಿನ ಮಣಿಪಾಲದ ಆಸ್ಪತ್ರೆಗೆ ಹೋದಳು. ಮಾಸ್ಟ್ರ ಕಾಲಿಗೆ ಆಪರೇಷನ್ ಮಾಡಿ ಸರಳು ಹಾಕಿದ್ದರು. ಅವರ ಹೆಂಡತಿ ಪ್ರಿಯಂವದಾ ಮಂಚದ ಪಕ್ಕ ಕೂತಿದ್ದರು. ವೆರೊನಿಕಾ ತಾನು ಯಾರೆಂದು ಹೇಳಿದೊಡನೆ ಅವರ ಮುಖ ಬಿಗಿಯಿತು.

“ಬಂದು ನೋಡಿದಿರಲ್ಲ, ಸಾಕು. ಹಣ್ಣುಗಿಣ್ಣು ಎಂತದೂ ಬೇಡ,” ಎಂದರು.

“ನಾನು ಒಂದು ಮಾತು ಹೇಳಲಿಕ್ಕೆ ಬಂದದ್ದು ಅಮ್ಮ. ಆ ಹೆಂಗಸಿನ ತಪ್ಪಲ್ಲ. ಎಲ್ಲಿ ಹೋಗುವುದೆಂದು ಅವಳು ನನ್ನನ್ನು ಕೇಳಿದಳು. ಬಾಣ ನೋಡಿ ನೇರ ಹೋಗಿ ಎಂದು ಹೇಳಿದ್ದು ನಾನು. ನನಗೂ ಅದೇ ರಸ್ತೆ ಎಂದು ಕಂಡಿತು.”

“ಕಲಿಸುವವರಿಗೇ ಗೊತ್ತಾಗದಿದ್ದರೆ ಮತ್ತೆ ಯಾರಿಗೆ ಗೊತ್ತಾಗುವುದು?” ಎಂದರು ಪ್ರಿಯಂವದಾ. “ಈ ಮಾತನ್ನು ಪೊಲೀಸರಿಗೆ ಹೇಳಿದ್ದೀರಾ?”

“ಇಲ್ಲ.”

ಮಾಸ್ಟ್ರು ಅಲ್ಲಿಯವರೆಗೆ ಕಣ್ಣು ಮುಚ್ಚಿ ಮಲಗಿದ್ದರು. ಈಗ ತೆರೆದರು. “ಬಾಣ ಎಲ್ಲಿ ಉಂಟು? ಸರಿಯಾಗಿ ಹೇಳಿ,” ಎಂದರು. ಔಷಧಿ ಚೀಟಿಯನ್ನೂ ಪೆನ್ನನ್ನೂ ಕೊಡಿಸಿದರು. ವೆರೊನಿಕಾ ಮಂಚದ ಅಂಚಿನಲ್ಲಿ ಚೀಟಿ ಇಟ್ಟು ಅದರ ಹಿಂಬದಿಯಲ್ಲಿ ನಕ್ಷೆ ಬರೆದಳು: ಐಸ್ ಪ್ಲಾಂಟ್, ಬಾಗಿದ ದಾರಿ, ಕಲ್ಲುಬೆಂಚುಗಳ ಚೌಕ, ಅದರ ಕಡಲ ಬದಿಯಲ್ಲಿ ನೇರ ಹೋಗುವ ದಾರಿ, ಬಾಣ, ಬ್ಯಾನರಿನ ಹಿಂದಿನ ಬೋರ್ಡು. ಮಾಸ್ಟ್ರು ಅದನ್ನು ಬಹಳ ಹೊತ್ತು ನೋಡಿದರು.

“ನಾನು ದಿನಾ ಸಂಜೆ ಅಲ್ಲಿ ನಡೆಯುವುದು,” ಎಂದರು ಕೊನೆಗೆ. “ಅದು ತೆರೆದ ಎರಡು ವಾರದಲ್ಲಿ ಹನ್ನೊಂದು ಗಾಡಿಗಳನ್ನು ನಿಲ್ಲಿಸಿ ಬೈದಿದ್ದೇನೆ. ಲೆಕ್ಕ ಇಟ್ಟಿದ್ದೇನೆ. ಒಬ್ಬನ ಬಾನೆಟ್ಟಿಗೆ ಕೊಡೆಯಲ್ಲಿ ಬಡಿದೆ ಕೂಡ. ಹನ್ನೊಂದು ಹುಡುಗರು ಒಂದೇ ಲೆಕ್ಕದಲ್ಲಿ ಒಂದೇ ತಪ್ಪು ಉತ್ತರ ಬರೆದರೆ ಬೋರ್ಡಿನ ಮೇಲೆ ನಾನು ಬರೆದದ್ದನ್ನು ನೋಡಬೇಕು ಅಂತ ಮೂವತ್ತು ವರ್ಷ ಗೊತ್ತಿತ್ತು ನನಗೆ. ರಸ್ತೆಯಲ್ಲಿ ಅದು ತಲೆಗೆ ಹೋಗಲಿಲ್ಲ.”

“ನೀವು ಸುಮ್ಮನೆ ಇರಿ,” ಎಂದರು ಪ್ರಿಯಂವದಾ. “ಕಾಲು ಮುರಿದುಕೊಂಡವರು ನೀವು. ಅವರ ಪರ ವಕಾಲತ್ತು ಬೇರೆ.”

“ಪರ ಅಲ್ಲ ಮಾರಾಯ್ತಿ. ಆ ಕಾರು ನನ್ನ ಮೇಲೆ ಬಂದದ್ದು ಬಂದದ್ದೇ.” ಮಾಸ್ಟ್ರು ವೆರೊನಿಕಾಳನ್ನು ನೋಡಿದರು. “ಪೊಲೀಸರಿಗೆ ಹೇಳಿ. ಮೊದಲು ಅದು. ಆಮೇಲೆ ಉಳಿದದ್ದು.”

ಅವಳು ಮನೆಗೆ ಹೋಗಲಿಲ್ಲ. ಮಣಿಪಾಲದಿಂದ ಉಡುಪಿ, ಉಡುಪಿಯಿಂದ ಕಾಪು, ಎರಡು ಬಸ್ಸು ಹಿಡಿದು ನೇರ ಠಾಣೆಗೆ ಹೋದಳು. ಮಧ್ಯೆ ನಿಂತರೆ ಧೈರ್ಯ ಹೋಗಬಹುದೆಂಬ ಭಯ. ಎಸ್ಸೈ ಅವಳು ಹೇಳಿದ್ದನ್ನೆಲ್ಲ ಕೇಳಿ ಪೆನ್ನು ಕೆಳಗಿಟ್ಟರು.

“ನೀವು ಎಂತ ಹೇಳುತ್ತಿದ್ದೀರಿ ಎಂದು ನಿಮಗೆ ಅಂದಾಜು ಉಂಟಾ? ಇದನ್ನು ಬರೆದರೆ ಕೇಸು ನಿಮ್ಮ ಮೇಲೆ ಬರುತ್ತದೆ. ಸ್ಕೂಲಿನ ಲೈಸೆನ್ಸಿಗೂ ತೊಂದರೆ.”

“ಬರೆಯಿರಿ ಸರ್.”

“ನಾಲ್ಕು ದಿನದ ಹಿಂದೆ ಯಾಕೆ ಹೇಳಲಿಲ್ಲ?”

ಉತ್ತರಕ್ಕೆ ಎಸ್ಸೈ ಕಾಯಲಿಲ್ಲ. ಬರೆದುಕೊಂಡು ಓದಿ ಹೇಳಿದರು. ಬಾಣದ ವಿಷಯ, ಬೋರ್ಡಿನ ವಿಷಯ ಒಂದು ಸಾಲಿನಲ್ಲಿ ಬಂದಿತ್ತು. ಅವಳು ಸಹಿ ಹಾಕಿದಳು.

ಕ್ಲಾಯ್ಡ್ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಸಾರಿಗೆ ಕಚೇರಿಯಿಂದ ಕಾಗದ ಬಂತು: ವಿಚಾರಣೆಗಾಗಿ ಮೂರು ತಿಂಗಳು ತರಬೇತಿ ನಿಲ್ಲಿಸಬೇಕು. ಅವನು ಅದನ್ನು ಓದಿ ಮೇಜಿನ ಮೇಲಿಟ್ಟು, “ಊಟಕ್ಕೆ ಎಂತ ಉಂಟು?” ಎಂದು ಕೇಳಿದ. ಅಷ್ಟರಿಂದಲೇ ಅವನ ಸಿಟ್ಟು ಇಳಿದಿದೆ ಎಂದು ಅವಳಿಗೆ ಗೊತ್ತಾಯಿತು.

ಸ್ಕೂಲ್ ಮುಚ್ಚಿತು. ಕಲಿಯುತ್ತಿದ್ದ ಒಂಬತ್ತು ಮಂದಿಯಲ್ಲಿ ಏಳು ಮಂದಿ ಪಡುಬಿದ್ರಿಯ ಇನ್ನೊಂದು ಸ್ಕೂಲಿಗೆ ಹೋದರು. ಸಂಜೆ ಐದು ಗಂಟೆಯಾಯಿತೆಂದರೆ ವೆರೊನಿಕಾಳಿಗೆ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು. ಇವತ್ತು ಅಲ್ಲಿ ಇನ್ನೊಬ್ಬರ ಕಾಲು, ಇನ್ನೊಬ್ಬರ ತಲೆ ಎಂದೇ ಮನಸ್ಸು ಹೇಳುವುದು. ಒಂದು ದಿನ ಕೆಂಪು ಶಾಲೊಂದನ್ನು ಚೀಲಕ್ಕೆ ಹಾಕಿಕೊಂಡು ತಿರುವಿಗೆ ಹೋಗಿ ಬಾಣದ ಮೇಲೆಯೇ ನಿಂತುಬಿಟ್ಟಳು. ಬಂದ ಗಾಡಿಗಳಿಗೆಲ್ಲ ಶಾಲು ಬೀಸಿ ಎಡಕ್ಕೆ ಕೈ ತೋರಿಸಿದಳು. ಕೆಲವರು ನಕ್ಕರು. ಒಬ್ಬ ಕಾರಿನ ಗಾಜು ಇಳಿಸಿ, “ಎಂತ ಬಾಯಿ, ಪೊಲೀಸ್ ಕೆಲಸ ಸಿಕ್ಕಿತಾ?” ಎಂದು ಕೇಳಿದ. ಅವಳು ಕತ್ತಲಾಗುವ ವರೆಗೆ ನಿಂತು, ಎಷ್ಟು ಗಾಡಿ ನೇರ ಬರಲು ನೋಡಿತು ಎಂದು ಹಳೆಯ ಡೈರಿಯಲ್ಲಿ ಗೀಟು ಹಾಕಿಕೊಂಡಳು. ಮೂವತ್ತೇಳು.

ಮರುದಿನ ನಲವತ್ತೊಂದು. ಭಾನುವಾರ ತೊಂಬತ್ತು ದಾಟಿತು. ಹತ್ತು ದಿನದ ಗೀಟುಗಳನ್ನು ಮಾಸ್ಟ್ರಿಗೆ ತೋರಿಸಿದಳು. ಅವರು ಅಷ್ಟರಲ್ಲಿ ಮನೆಗೆ ಬಂದು, ವಾಕರ್ ಹಿಡಿದು ಜಗಲಿಯವರೆಗೆ ಬರುವಷ್ಟಾಗಿದ್ದರು. ಅವರೇ ಕೂತು ಅರ್ಜಿ ಬರೆದರು. ಗುಣವಿಶೇಷಣ ಒಂದೂ ಇಲ್ಲದ, ಬರೀ ಸಂಖ್ಯೆಗಳ ಒಂದೂವರೆ ಪುಟ. ಕೆಳಗೆ ಇಬ್ಬರ ಹೆಸರು: ಪೆಟ್ಟಾದವರು, ಪೆಟ್ಟು ಮಾಡಿದವರು.

ರಸ್ತೆ ಮಾಡಿಸಿದ ಕಚೇರಿಯ ಎಂಜಿನಿಯರ್ ಗುರುಪ್ರಸಾದ್ ಅರ್ಜಿ ಓದಿ, ಒಂದು ಸಂಜೆ ತಾನೇ ಜೀಪಿನಲ್ಲಿ ತಿರುವಿಗೆ ಬಂದ. ಮೂವತ್ತೈದರ ಒಳಗಿನ ಮನುಷ್ಯ, ಮಾತಿನಲ್ಲಿ ಮರ್ಯಾದೆ ಇತ್ತು.

“ನೋಡಿ ಅಮ್ಮ, ಇದು ಹೊಸ ಮಾದರಿ. ಕಟ್ಟೆ ಇಲ್ಲದಿದ್ದರೆ ಡ್ರೈವರುಗಳು ಹೆದರಿ ನಿಧಾನ ಹೋಗುತ್ತಾರೆ ಎಂಬ ಲೆಕ್ಕಾಚಾರ. ಬೇರೆ ಕಡೆಗಳಲ್ಲಿ ಸರಿ ನಡೆಯುತ್ತದೆ. ನಮ್ಮವರಿಗೆ ಅಭ್ಯಾಸ ಆಗಬೇಕು, ಸ್ವಲ್ಪ ಸಮಯ ಬೇಕು.”

“ಅಭ್ಯಾಸ ಆಗುವವರೆಗೆ ಎಷ್ಟು ಕಾಲು ಬೇಕು ಸರ್?”

ಅವನು ಜೀಪಿನ ಬಾಗಿಲು ತೆರೆದ. “ಹತ್ತಿ. ನಾನೇ ಬಿಟ್ಟು ತೋರಿಸುತ್ತೇನೆ. ಸರಿಯಾಗಿ ನೋಡಿ ಬಿಟ್ಟರೆ ಗೊಂದಲವೇ ಇಲ್ಲ.”

ವೆರೊನಿಕಾ ಎಡಗಡೆಯ ಸೀಟಿನಲ್ಲಿ ಕೂತಳು. ಅವನು ಐಸ್ ಪ್ಲಾಂಟಿನ ಈಚೆಯಿಂದ ಜೀಪು ತೆಗೆದು, ಇಂಡಿಕೇಟರ್ ಹಾಕಿ, ಅಚ್ಚುಕಟ್ಟಾಗಿ ಎಡಕ್ಕೆ ಬಾಗಿದ. ಚೌಕವನ್ನು ಸುತ್ತಿದ. ಅವನಿಗೆ ನಕ್ಷೆ ಬಾಯಿಪಾಠ. ಅವಳು ಬಲಗಡೆಯ ಕಿಟಕಿಯ ಆಚೆಗೇ ನೋಡುತ್ತಿದ್ದಳು. ಅವರ ಹಿಂದೆ ಬಂದ ಕಾರು ಎಡಕ್ಕೆ ಬಾಗಿರಲಿಲ್ಲ. ಬೆಂಚುಗಳ ಆಚೆ, ಕಡಲ ಬದಿಯಲ್ಲಿ, ಅದು ಬಾಣ ಹಿಡಿದು ನೇರ ಹೋಗುತ್ತಿತ್ತು. ನಡೆಯುವವರು ಅಕ್ಕಪಕ್ಕಕ್ಕೆ ಹಾರಿಕೊಳ್ಳುತ್ತಿದ್ದರು.

ಎರಡು ದಾರಿ ಮತ್ತೆ ಸೇರುವಲ್ಲಿ ಗುರುಪ್ರಸಾದ್ ವೇಗ ಏರಿಸಿದ. “ನೋಡಿದಿರಲ್ಲ…” ಎಂದು ಅವನು ಹೇಳುವುದಕ್ಕೂ ಬಲಗಡೆಯಿಂದ ಆ ಕಾರು ಅಡ್ಡ ನುಗ್ಗುವುದಕ್ಕೂ ಸರಿಹೋಯಿತು. ವೆರೊನಿಕಾಳ ಕಾಲು ಜೀಪಿನ ಬರಿ ತಗಡನ್ನು ಒತ್ತಿತು. ಗುರುಪ್ರಸಾದ್ ನಿಜವಾದ ಬ್ರೇಕನ್ನು ಒತ್ತಿದ. ಎರಡು ಬಂಪರುಗಳ ನಡುವೆ ಒಂದು ಗೇಣು ಉಳಿಯಿತು.

ಆ ಕಾರಿನಿಂದ ದಪ್ಪನೆಯ ಮನುಷ್ಯನೊಬ್ಬ ಇಳಿದು ಬಂದ. “ಕಣ್ಣು ಕಾಣುವುದಿಲ್ವಾ ನಿಮಗೆ? ರಸ್ತೆಯಲ್ಲಿ ನೇರ ಬರುವವರಿಗೆ ಆ ಪಾರ್ಕಿಂಗಿನ ಒಳಗಿಂದ ಬಂದು ಅಡ್ಡ ಹಾಕುವುದಾ? ಲೈಸೆನ್ಸ್ ಕೊಟ್ಟದ್ದು ಯಾರು ಮಾರಾಯ್ರೆ ನಿಮಗೆ?”

“ನಾನು ರಸ್ತೆಯಲ್ಲೇ ಬಂದದ್ದು. ರಸ್ತೆ ಇದು,” ಎಂದ ಗುರುಪ್ರಸಾದ್.

“ನನಗೆ ರಸ್ತೆ ಕಲಿಸುತ್ತೀರಾ? ಬಾಣ ಹಾಕಿದ್ದು ಕಾಣುವುದಿಲ್ವಾ ಅಲ್ಲಿ? ಯಾರನ್ನು ಬೇಕಾದರೂ ಕೇಳಿ!” ಆ ಮನುಷ್ಯ ಸುತ್ತಲಿನವರನ್ನೆಲ್ಲ ಸಾಕ್ಷಿಗೆ ಕರೆದ. ಬೆಂಚಿನ ಮೇಲೆ ಕೂತಿದ್ದ ಇಬ್ಬರು ಅವನ ಪರವಾಗಿ, ಒಬ್ಬ ಗುರುಪ್ರಸಾದನ ಪರವಾಗಿ ಕೈ ಬೀಸಿದರು. ಹಿಂದೆ ಮೂರು ಗಾಡಿ ಹಾರ್ನ್ ಹೊಡೆಯತೊಡಗಿದವು. ಕೊನೆಗೆ ಗುರುಪ್ರಸಾದನೇ ಜೀಪನ್ನು ಹಿಂದಕ್ಕೆ ತೆಗೆದು ಅವನಿಗೆ ದಾರಿ ಬಿಡಬೇಕಾಯಿತು.

ಜೀಪು ಬದಿಗೆ ನಿಂತಿತು. ಅವನು ಎಂಜಿನ್ ಆರಿಸಿದ. “ನಾನು ಸರಿಯಾಗಿಯೇ ಬಂದೆ,” ಎಂದ.

“ಹೌದು ಸರ್. ನೀವು ಸರಿಯಾಗಿಯೇ ಬಂದಿರಿ,” ಎಂದಳು ವೆರೊನಿಕಾ. ಅವಳಿಗೆ ಅವನ ಮೇಲೆ ಗೆದ್ದ ಖುಷಿ ಆಗಲಿಲ್ಲ. ತನ್ನ ವಿದ್ಯಾರ್ಥಿಗಳು ಮೊದಲ ಸಲ ಹೆದರಿದಾಗ ಮಾಡುವ ಹಾಗೆ ನೀರಿನ ಬಾಟಲಿ ತೆಗೆದು ಕೊಟ್ಟಳು. ಅವನು ಕುಡಿದ.

ನಾಲ್ಕು ದಿನದ ಮೇಲೆ ತಿರುವಿನಲ್ಲಿ ಮರಳು ತುಂಬಿದ ಡ್ರಮ್ಮುಗಳು ಸಾಲಾಗಿ ಬಂದವು. ಬಾಣವನ್ನು ಮಿಷನ್ ಹಿಡಿದು ಉಜ್ಜಿ ತೆಗೆದರು. ಬ್ಯಾನರನ್ನು ಯಾರೋ ಬಿಚ್ಚಿದರು. ಜನವರಿಯಲ್ಲಿ ಎರಡು ದಾರಿಗಳ ನಡುವೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ ಎದ್ದಿತು. ಪೇಪರಿನಲ್ಲಿ ಅದು ‘ಹೆಚ್ಚುವರಿ ಸೌಂದರ್ಯೀಕರಣ’ ಎಂದು ಬಂತು. ತಪ್ಪಾಗಿತ್ತು ಎಂದು ಯಾರೂ ಎಲ್ಲೂ ಬರೆಯಲಿಲ್ಲ. ಕಟ್ಟೆಯ ಆಚೆಗಿನ ಭಾಗದಲ್ಲಿ, ಪಾರ್ಕಿಂಗ್ ಗೆರೆಗಳನ್ನು ಗಾಡಿಗಳು ಬರುವುದಕ್ಕೆ ವಿರುದ್ಧ ದಿಕ್ಕಿಗೆ ಓರೆಯಾಗಿ ಎಳೆದಿರುವಲ್ಲಿ, ಈಗಲೂ ದಿನಕ್ಕೊಂದು ಜಗಳ ಉಂಟು. ಮಾಸ್ಟ್ರು ಅದರ ಲೆಕ್ಕವನ್ನೂ ಶುರು ಮಾಡಿದ್ದಾರೆಂದು ಪ್ರಿಯಂವದಾ ಫೋನಿನಲ್ಲಿ ಹೇಳಿದರು. ಕಾಲು ಕೂಡಿದೆ, ಆದರೆ ಎಡಗಾಲು ಸ್ವಲ್ಪ ಗಿಡ್ಡವಾಗಿದೆ, ಅದು ಹಾಗೆಯೇ ಉಳಿಯುತ್ತದಂತೆ. ಅದನ್ನು ಅವರು ಹೇಳಿದ ರೀತಿಯಲ್ಲಿ ಬೈಗುಳವಿರಲಿಲ್ಲ, ಕ್ಷಮೆಯೂ ಇರಲಿಲ್ಲ.

ನಳಿನಾಕ್ಷಿಯ ಹೆಸರನ್ನು ಕೇಸಿನಿಂದ ಬಿಟ್ಟಿದ್ದರು. ವೆರೊನಿಕಾ ಕೋರ್ಟಿನಲ್ಲಿ ಒಪ್ಪಿಕೊಂಡು ದಂಡ ಕಟ್ಟಿ ಬಂದಳು. ಫೆಬ್ರವರಿಯಲ್ಲಿ ಸ್ಕೂಲಿನ ಬಾಗಿಲು ತೆರೆದಾಗ ಕಲಿಯಲು ಬಂದವರು ಮೂವರು.

ಮೂರನೆಯವಳು ನಳಿನಾಕ್ಷಿ.

ಅವಳು ಬಾಗಿಲಲ್ಲಿ ನಿಂತು, “ನಿಲ್ಲಿಸಿದಲ್ಲಿಂದ ಶುರು ಮಾಡುವುದಾ, ಮೊದಲಿನಿಂದಲಾ?” ಎಂದಷ್ಟೇ ಕೇಳಿದಳು. ಮೊದಲ ವಾರ ಅವಳು ಮತ್ತೆ ಮತ್ತೆ ಕಾರು ನಿಲ್ಲಿಸಿ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಕಡಲ ಬದಿಗೆ ಬರುವುದಿಲ್ಲ ಎಂದಳು. ವೆರೊನಿಕಾ ಅವಳನ್ನು ಕಾರ್ಕಳದ ದಾರಿಯಲ್ಲಿ ಕೊಂಡುಹೋದಳು. ತಿರುವು, ಏರು, ಎದುರು ಬರುವ ಬಸ್ಸು. ಪಾಠದ ಮಾತು ಬಿಟ್ಟು ಇಬ್ಬರ ನಡುವೆ ಬೇರೆ ಮಾತಿರಲಿಲ್ಲ. ವೆರೊನಿಕಾ ಹಲವು ಸಲ ಮಾತು ತೆಗೆಯಲು ನೋಡಿದಳು. ಪ್ರತಿ ಸಲವೂ ಎದುರಿಗೆ ಒಂದು ಬಸ್ಸೋ ಲಾರಿಯೋ ಬಂದು ಅದು ಅಲ್ಲಿಗೇ ನಿಲ್ಲುತ್ತಿತ್ತು.

ಟೆಸ್ಟಿನ ದಿನ ಮಣಿಪಾಲದ ಸಾರಿಗೆ ಕಚೇರಿಯಲ್ಲಿ ಸರದಿ ಕಾಯುತ್ತ ಇಬ್ಬರೂ ಒಂದು ಮರದ ನೆರಳಲ್ಲಿ ನಿಂತಿದ್ದರು. ನಳಿನಾಕ್ಷಿ ಎದುರಿನ ಮೈದಾನವನ್ನೇ ನೋಡುತ್ತಿದ್ದವಳು ತಿರುಗದೆಯೇ ಮಾತು ತೆಗೆದಳು.

“ಬಾಯೀ, ನಾನು ಠಾಣೆಯಲ್ಲಿ ತಪ್ಪು ನನ್ನದು ಎಂದು ಹೇಳಿದ್ದು ನೀವು ‘ಅಲ್ಲ’ ಎಂದು ಹೇಳುತ್ತೀರಿ ಅಂತ. ನೀವು ಸಹಿ ಹಾಕಿದಿರಿ.”

“ಹೌದು.”

“ನಾಲ್ಕು ದಿನ ನಾನು ಮಲ್ಪೆಗೆ ಹೋಗಲಿಲ್ಲ. ಮೀನು ತೆಗೆದುಕೊಳ್ಳುವವರೆಲ್ಲ ಮಾಸ್ಟ್ರ ಕಾಲು ಮುರಿದವಳು ಎಂದು ನೋಡುತ್ತಿದ್ದರು. ನೀವು ಫೋನ್ ಮಾಡಿದಾಗ ಎತ್ತದಿದ್ದದ್ದು ಆದ್ದರಿಂದಲೇ. ಆ ನಾಲ್ಕು ದಿನ ಯಾಕೆ ಸುಮ್ಮನಿದ್ದಿರಿ?”

ವೆರೊನಿಕಾಳಿಗೆ ಹೇಳಲು ಕಾರಣಗಳಿದ್ದವು. ಸ್ಕೂಲು, ಹೆಸರು, ಕ್ಲಾಯ್ಡ್. ಅವಳು ಅವನ್ನೆಲ್ಲ ಬದಿಗಿಟ್ಟಳು.

“ಹೆದರಿದೆ ನಳಿನಾಕ್ಷೀ,” ಎಂದಳು. “ಬೇರೆ ಎಂತದೂ ಅಲ್ಲ. ನನ್ನದು ತಪ್ಪಾಯಿತು.”

ನಳಿನಾಕ್ಷಿ ತಲೆಯಾಡಿಸಿದಳು. ಸರಿ ಎಂದೋ, ಕೇಳಿಸಿತು ಎಂದೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನ ಬಾಗಿಲು ತೆರೆದು ಕೂತಳು. ಎಡಗಡೆಯ ಸೀಟಿನಲ್ಲಿ ಇನ್ಸ್‌ಪೆಕ್ಟರ್ ಕೂತರು. ಕಾರು ಗೇಟು ದಾಟಿ, ಬಲಕ್ಕೆ ಇಂಡಿಕೇಟರ್ ಮಿನುಗಿಸುತ್ತ, ಒಂದು ಬಸ್ಸಿಗೆ ದಾರಿ ಬಿಟ್ಟು, ರಸ್ತೆಗೆ ಇಳಿಯಿತು.

ಇಪ್ಪತ್ತು ನಿಮಿಷ ಬಿಟ್ಟು ಕಾರು ವಾಪಸು ಬಂತು. ಇನ್ಸ್‌ಪೆಕ್ಟರ್ ಇಳಿದು ಕಾಗದಕ್ಕೆ ಸಹಿ ಹಾಕಿದರು. ನಳಿನಾಕ್ಷಿ ಕಿಟಕಿಯ ಗಾಜು ಇಳಿಸಿದಳು. “ಆಯ್ತು,” ಎಂದಳು. “ಹತ್ತಿ ಬಾಯೀ, ಕಟಪಾಡಿಯ ವರೆಗೆ ನಾನೇ ಬಿಡುತ್ತೇನೆ. ಹಿಂದೆ ಕೂರಿ.”

ವೆರೊನಿಕಾ ಎಡಗಡೆಯ ಬಾಗಿಲಿಗೆ ಕೈ ಹಾಕಿದವಳು ಬಿಟ್ಟು, ಹಿಂದಿನ ಬಾಗಿಲು ತೆರೆದು ಕೂತಳು.